ಕಣಿ ಕೊಟ್ಟ ತಾರೀಖು

ಹಣಿಗೇರಿಯ ಸಂತಾನ ಕೇಂದ್ರದಲ್ಲಿ ಬಾಯಿ ಬಿಡದ ಹೆಂಗಸಿನ ಬಾಯಿ ಬಿಡಿಸಬೇಕಾದರೆ ಸುಮಿತ್ರಾ ಬುದ್ನಿಯೇ ಬೇಕು. ಡಾಕ್ಟರು ಬರುವುದು ವಾರಕ್ಕೆ ಎರಡು ದಿನ, ಅದೂ ಪರದೆಯ ಮೇಲೆ. ಪ್ರಯೋಗಾಲಯ ನೋಡಿಕೊಳ್ಳುವ ದಸ್ತಗೀರ ಗಂಡಸು. ಉಳಿದದ್ದೆಲ್ಲ ಯಂತ್ರ. ನೇಕಾರರ ಮನೆಯ ಸೊಸೆಯಂದಿರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅತ್ತೆಯ ಹಿಂದೆ ಅರ್ಧ ಮರೆಯಾಗಿ ಕೂತಾಗ, ಅವರ ಒಳಗಿನ ಮಾತನ್ನು ನೋಯಿಸದೆ ಹೊರತೆಗೆಯಲು ಅದೇ ಊರಿನ, ಅದೇ ಮಾತಿನ, ಐವತ್ತು ದಾಟಿದ ಹೆಂಗಸೊಬ್ಬಳು ಬೇಕಾಗಿತ್ತು. ಮಂಡಳಿ ಆರು ವರ್ಷದ ಹಿಂದೆ ಅವಳನ್ನು ಆಪ್ತ ಸಮಾಲೋಚಕಿ ಎಂದು ನೇಮಿಸಿಕೊಂಡಿತ್ತು. ಊರು ಅಷ್ಟುದ್ದದ ಹೆಸರನ್ನು ತಲೆಗೆ ಹಚ್ಚಿಕೊಳ್ಳದೆ ಸುಮಿತ್ರಕ್ಕ ಎಂದು ಕರೆಯಿತು.

ಅದು ಶಾಲೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದ್ದ ಕಾಲ. ತೊಟ್ಟಿಲು ಮಾಡುತ್ತಿದ್ದ ಬಡಿಗರು ಕುರ್ಚಿ ಮಾಡತೊಡಗಿದ್ದರು. ಊರೂರುಗಳಲ್ಲಿ ಗಂಡಸರ ಬೀಜ ತೆಳುವಾಗಿತ್ತು. ಕಾರಣ ಬಣ್ಣದ ನೀರೋ, ಪ್ಲಾಸ್ಟಿಕ್ಕೋ, ಬಿಸಿಲೋ ಎಂದು ವಿಜ್ಞಾನಿಗಳು ಇನ್ನೂ ಕಿತ್ತಾಡುತ್ತಿದ್ದರು. ಸರಕಾರ ಆ ಜಗಳ ಮುಗಿಯುವುದನ್ನು ಕಾಯದೆ ಸಂತಾನ ಮಂಡಳಿ ಎಂಬುದನ್ನು ಕಟ್ಟಿ, ತಾಲೂಕಿಗೊಂದು ಕೇಂದ್ರ ತೆರೆದು, ಎಲ್ಲಕ್ಕೂ ಸೇರಿ ಒಂದು ಯಂತ್ರವನ್ನು ಕೂರಿಸಿತ್ತು. ಯಾರಿಗೆ ಕೃತಕ ಗರ್ಭಧಾರಣೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ, ಹೊಂದುವುದಾದರೆ ಯಾವ ದಿನ ಮಾಡಬೇಕು ಎಂದು ಹೇಳುವುದು ಅದರ ಕೆಲಸ. ಕಾಗದದ ಮೇಲೆ ಅದರ ಹೆಸರು ‘ಸುಫಲ’. ಹಣಿಗೇರಿಯ ಸಿಬ್ಬಂದಿ ಅದಕ್ಕೆ ಕಣಿ ಎಂದು ಹೆಸರಿಟ್ಟಿದ್ದರು. ಬುಟ್ಟಿ ಹೊತ್ತು ಬಾಗಿಲಿಗೆ ಬಂದು ಕಣಿ ಹೇಳುವವಳಾದರೂ ಎರಡು ಒಳ್ಳೆಯ ಮಾತು ಸೇರಿಸಿ ಹೇಳುತ್ತಾಳೆ, ಇದು ಬರೀ ತಾರೀಖು ಹೇಳುತ್ತದೆ ಎಂದು ದಸ್ತಗೀರ ನಗುತ್ತಿದ್ದ.

“ಹೆದರಬ್ಯಾಡವ್ವಾ,” ಎಂದು ಸುಮಿತ್ರಾ ಹೊಸದಾಗಿ ಬಂದವರಿಗೆ ಹೇಳುತ್ತಿದ್ದಳು. “ಇದರಾಗ ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ನಿನ್ನ ಗಂಡನ ಬೀಜಾ ತೊಳದು, ಚುರುಕ ಇದ್ದವನ್ನಷ್ಟ ಆರಿಸಿ, ಒಂದ ಸಣ್ಣ ನಳಿಗಿಯಿಂದ ಗರ್ಭಚೀಲದಾಗ ಬಿಡತೀವಿ. ಹತ್ತ ನಿಮಿಷದ ಕೆಲಸ. ಆದರ ಎಲ್ಲಾರಿಗೂ ಬರೂದಿಲ್ಲ. ನಿನ್ನ ಗರ್ಭದ ನಳಿಕಿ ತೆರೆದಿರಬೇಕು, ಅವನ ಬೀಜ ಸ್ವಲ್ಪರ ಈಜುವಂಗ ಇರಬೇಕು. ದಿನಾ ಮಾತ್ರ ತಪ್ಪಬಾರದು. ಬೀಜ ಎರಡ ಮೂರ ದಿನ ಕಾಯತೈತಿ. ಹೆಣ್ಣಿನ ಅಂಡ ಕಾಯೂದಿಲ್ಲ, ಒಂದ ದಿನ ಇದ್ದು ಹೋಗತೈತಿ.”

“ರೊಕ್ಕ ಎಷ್ಟರಿ?” ಎಂದು ಜೊತೆಗೆ ಬಂದ ಅತ್ತೆ ಕೇಳಿಯೇ ಕೇಳುವಳು.

“ಖಾಸಗಿ ದವಾಖಾನ್ಯಾಗ ಇದನ್ನ ಒಂದ ಸಲ ಮಾಡಿಸಿದ್ರ ಒಂದ ತಿಂಗಳ ಮಗ್ಗದ ಕೂಲಿ ಹೋಗತೈತಿ. ಟೆಸ್ಟ್ ಟ್ಯೂಬ್ ಕೂಸು ಬೇಕಂದ್ರ ಮಗ್ಗಾನ ಮಾರಬೇಕು. ಇಲ್ಲಿ ಬಿಟ್ಟಿ. ಮೂರ ಸಲ ಬಿಟ್ಟಿ.”

“ನಾಕನೇ ಸಲ?”

“ನಾಕನೇ ಸಲ ಇಲ್ಲವ್ವಾ.”

ಬಿಟ್ಟಿ ಎಂಬುದಕ್ಕೂ ಒಂದು ಬೆಲೆ ಇತ್ತು. ಅದನ್ನು ಹೆಬ್ಬೆಟ್ಟು ಒತ್ತಿಸುವ ಮೊದಲು ಸುಮಿತ್ರಾ ಓದಿ ಹೇಳುತ್ತಿದ್ದಳು, ಮೋಸ ಮಾಡಿದಳೆಂದು ಯಾರೂ ಅನ್ನುವಂತಿರಲಿಲ್ಲ. ಮೂರು ಸಲವೂ ಹೊಟ್ಟೆ ನಿಲ್ಲದಿದ್ದರೆ ಹೆಂಗಸಿನ ಹೆಸರಿನ ಮುಂದೆ ‘ಅಯೋಗ್ಯ’ ಎಂದು ಬೀಳುತ್ತದೆ. ಆಮೇಲೆ ಅವಳು ಒಂದು ಸಲ ಅಂಡ ಸಮರ್ಪಣೆಗೆ ಬರಬೇಕು. ಹತ್ತು ದಿನ ಸೂಜಿ, ಹನ್ನೊಂದನೆಯ ದಿನ ಅಮಲಿನ ಮದ್ದು. ಒಳಗಿನ ಅಂಡಗಳನ್ನೆಲ್ಲ ತೆಗೆದು, ದೊಡ್ಡ ಊರುಗಳಲ್ಲಿ ತಮ್ಮ ಅಂಡ ಮುಗಿದುಹೋದ ಹೆಂಗಸರಿಗೆ ಕೊಡುತ್ತಾರೆ. ಮನೆಗೆ ಕಳಿಸುವಾಗ ಮಂಡಳಿಯವರು ಕುಪ್ಪಸದ ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬುತ್ತಾರೆ. ಆ ಉಡಿ ತುಂಬುವ ಕೆಲಸವೂ ಸುಮಿತ್ರಾಳದೇ. ಗಂಡ ಸತ್ತವಳು ಉಡಿ ತುಂಬಬಾರದೆಂದು ಮೊದಮೊದಲು ಹಿಂಜರಿದಳು, ಮಂಡಳಿ ಅದನ್ನು ಲೆಕ್ಕಕ್ಕಿಡಲಿಲ್ಲ, ಆಮೇಲೆ ರೂಢಿಯಾಯಿತು.

ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ. ಕಣಿಯ ಪರದೆಯ ಮೇಲೆ ‘ಮೊದಲ ದಿನ’ ಎಂದು ಒಂದು ಖಾಲಿ ಚೌಕ ಕಾಯುತ್ತಿರುತ್ತದೆ. ಸುಮಿತ್ರಾ ದನಿ ತಗ್ಗಿಸಿ ಕೇಳುವಳು: “ನೀರ ಹಾಕ್ಕೊಂಡು ಎಷ್ಟ ದಿನ ಆತವ್ವಾ?”

ಹಣಿಗೇರಿಯಲ್ಲಿ ಹೆಂಗಸಿನ ತಿಂಗಳು ಶುರುವಾಗುವುದು ಹಾಗೆ. ಹೊರಗಾದ ನಾಲ್ಕು ದಿನ ಲೆಕ್ಕಕ್ಕಿಲ್ಲ, ಬಾಯಲ್ಲಿ ಆಡುವ ಮಾತೂ ಅಲ್ಲ. ಐದನೆಯ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಒಲೆ ಮುಟ್ಟಿದ ದಿನವೇ ಒಂದು. ಸುಮಿತ್ರಾಳ ಅವ್ವ ಹಾಗೇ ಎಣಿಸಿದ್ದಳು, ಅವಳ ಅವ್ವನೂ ಹಾಗೇ. ಮಂಡಳಿಯವರು ಮೂರು ವಾರ ತರಬೇತಿ ಕೊಟ್ಟಾಗ ಮೊದಲ ದಿನ ಎಂದರೆ ಯಾವುದು ಎಂದು ಯಾರೂ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡರು. ಸುಮಿತ್ರಾಳೂ ಕೇಳಲಿಲ್ಲ, ಅವಳಿಗೂ ಗೊತ್ತೇ ಇತ್ತಲ್ಲ.

ಗೊತ್ತಿರಲಿಲ್ಲ ಎಂದು ತಿಳಿದದ್ದು ಆ ವರ್ಷದ ಶ್ರಾವಣದಲ್ಲಿ, ಹೇಮಲತಾ ಟೀಚರ್ ಬಂದಾಗ. ತುಮಕೂರಿನ ಕಡೆಯಿಂದ ವರ್ಗವಾಗಿ ಬಂದ ಮೂವತ್ತೆಂಟರ ಹೆಂಗಸು. ಅತ್ತೆಯನ್ನು ಕರೆತರದೆ ಗಂಡನ ಜೊತೆ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದಳು.

“ತಲೆಗೆ ನೀರು ಹಾಕ್ಕೊಂಡಿದ್ದಾ? ಅದ್ಯಾಕೆ ಬೇಕು ನಿಮಗೆ?” ಎಂದು ಹುಬ್ಬು ಗಂಟಿಕ್ಕಿದಳು. “ಮುಟ್ಟು ಶುರುವಾದ ದಿನ ತಾನೇ ಮೊದಲ ದಿನ? ನಾನು ಬೆಂಗಳೂರಲ್ಲಿ ತೋರಿಸಿದಾಗ ಹಾಗೇ ಕೇಳಿದ್ರು. ಐದನೇ ತಾರೀಖು ಅಂತ ಬರ್ಕೊಳ್ಳಿ.”

ಸುಮಿತ್ರಾ ಐದು ಎಂದು ಒತ್ತಿದಳು. ಕಣಿ ಹದಿನೇಳನೆಯ ತಾರೀಖು ಕೊಟ್ಟಿತು. ಹದಿಮೂರನೆಯ ದಿನ. ಟೀಚರ್ ತಲೆಯಾಡಿಸಿ, ಕೈಗೆ ಮಂಡಳಿಯ ಹಸಿರು ಬಳೆ ಹಾಕಿಸಿಕೊಂಡು ಹೋದಳು. ನಾಡಿ ಮತ್ತು ಮೈಬಿಸಿ ನೋಡಲು ಎಂದು ಎಲ್ಲರಿಗೂ ಹಾಕುವ ಬಳೆ ಅದು; ಗಾಜಿನ ಬಳೆಯ ಹಾಗೇ ಕಾಣುತ್ತಿತ್ತು, ಒಡೆಯುತ್ತಿರಲಿಲ್ಲ, ತೆಗೆಯಲೂ ಬರುತ್ತಿರಲಿಲ್ಲ.

ಸುಮಿತ್ರಾ ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನೀರು ಹಾಕಿಕೊಂಡ ದಿನದಿಂದ ಹದಿಮೂರು ಎಂದರೆ ನಿಜವಾಗಿ ಹದಿನೇಳು. ಅಂಡ ಒಂದು ದಿನ ಇದ್ದು ಹೋಗುತ್ತದೆ ಎಂದು ತಾನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳಲ್ಲ. ಆರು ವರ್ಷದಲ್ಲಿ ನಾನೂರ ಹನ್ನೆರಡು ಹೆಂಗಸರು ಅವಳ ಮುಂದೆ ಕೂತಿದ್ದರು. ಹೊಟ್ಟೆ ನಿಂತದ್ದು ಮೂವತ್ತೇಳು ಜನಕ್ಕೆ, ಅದೂ ತಿಂಗಳು ಏರುಪೇರಾಗಿ ಅದೃಷ್ಟ ಒಲಿದವರಿಗೆ. ಉಳಿದವರೆಲ್ಲ ಮನೆಯಿಂದ ಅಂಡ ಹೊರಟುಹೋದ ಮೇಲೆ ಬಾಗಿಲು ತಟ್ಟಿದವರು. ಅವರನ್ನು ತಡವಾಗಿ ಕರೆತಂದವಳು ತಾನು.

ಮತ್ತು ಅವರಲ್ಲಿ ಅವಳ ಸ್ವಂತ ಸೊಸೆಯೂ ಇದ್ದಳು.

ಮಹಾನಂದಾಗೆ ಇಪ್ಪತ್ತನಾಲ್ಕು ವರ್ಷ. ಸುಮಿತ್ರಾಳ ಒಬ್ಬನೇ ಮಗ ಶ್ರೀಶೈಲನ ಹೆಂಡತಿ. ಎರಡು ಸಲ ಆಗಿ ಹೋಗಿತ್ತು. ಇನ್ನು ಒಂದು ಸಲ ಉಳಿದಿತ್ತು. ಯಜಮಾನನನ್ನು ಕಳೆದುಕೊಂಡ ಮನೆಗೆ ಈ ಹುಡುಗಿ ಬಂದ ಮೇಲೆಯೇ ಸುಮಿತ್ರಾಳಿಗೆ ನಗು ವಾಪಸಾಗಿತ್ತು. ಅತ್ತೆ ಸೊಸೆ ಜಗಳವಾಡುವುದು ಚಹಾಕ್ಕೆ ಶುಂಠಿ ಹಾಕಬೇಕೋ ಬೇಡವೋ ಎಂಬುದಕ್ಕೆ ಮಾತ್ರ. ಎರಡನೆಯ ಸಲವೂ ಹೋದಾಗ ಮಹಾನಂದಾ ಅಳದೆ, ಪಕ್ಕದ ಮನೆಯ ಶಿವಲೀಲಾಳ ಬಳಿ ಹೋಗಿ ಕೂತಿದ್ದಳು. ಶಿವಲೀಲಾ ಮೂರೂ ಮುಗಿಸಿದವಳು. ಅಂಡ ತೆಗೆದ ಮೇಲೆ ಅವಳ ಹೊಟ್ಟೆ ಊದಿ ಒಂದು ವಾರ ದವಾಖಾನೆಯಲ್ಲಿದ್ದಳು. ಈಗ ಅವಳ ಮನೆಯ ಪೂಜೆಯಲ್ಲಿ ಆರತಿ ತಟ್ಟೆ ಅವಳ ಕೈಗೆ ಬರುವುದಿಲ್ಲ. ಅತ್ತೆ ಅದನ್ನು ಅವಳ ಪಕ್ಕದಿಂದ ದಾಟಿಸಿ ಮುಂದಿನವಳಿಗೆ ಕೊಡುತ್ತಾಳೆ. ಗಂಡನಿಗೆ ಎರಡನೆಯ ಹೆಣ್ಣು ನೋಡುತ್ತಿದ್ದಾರೆ ಎಂದು ಓಣಿಯಲ್ಲಿ ಮಾತಿತ್ತು. ಅಯೋಗ್ಯ ಎಂದು ಬರೆದುಕೊಟ್ಟದ್ದು ಸರಕಾರವೇ ಆದ್ದರಿಂದ ಯಾರೂ ಎದುರು ಮಾತಾಡುವಂತಿರಲಿಲ್ಲ.

“ಅತ್ತಿ, ಮೂರನೇದೂ ಹ್ವಾದ್ರ?” ಎಂದು ಮಹಾನಂದಾ ಆ ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು.

“ಹೋಗೂದಿಲ್ಲ. ಈ ಸಲ ನೀ ಹೊರಗಾಗಿದ್ದು ಯಾವಾಗ, ಹೇಳು.”

“ಮೂರನೇ ತಾರೀಖ. ನೀರ ಹಾಕ್ಕೊಂಡಿದ್ದು—”

“ನೀರ ಹಾಕ್ಕೊಂಡಿದ್ದ ಬ್ಯಾಡ ನನಗ.”

ಅತ್ತೆಯ ದನಿಯಲ್ಲಿ ಇದ್ದ ಬಿರುಸಿಗೆ ಮಹಾನಂದಾಳ ಕೈ ರೊಟ್ಟಿಯ ಮೇಲೇ ನಿಂತಿತು. ಸುಮಿತ್ರಾ ಮುಖ ತಿರುಗಿಸಿ ಒಲೆಯ ಉರಿ ಸರಿಮಾಡಿದಳು. ಹೇಳಿಬಿಡಬೇಕು ಎನಿಸಿತು. ಆದರೆ ಎರಡು ಸಲ ನಿನ್ನ ಹೊಟ್ಟೆ ಬರಿದು ಮಾಡಿದವಳು ನಾನೇ ಎಂದು ಯಾವ ಬಾಯಿಂದ ಹೇಳುವುದು? ಸರಿಯಾದ ತಾರೀಖು ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ, ಆಮೇಲೆ ನಿಧಾನಕ್ಕೆ ಉಳಿದವರದನ್ನೂ ನೋಡಿದರಾಯಿತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೇಂದ್ರದ ಬಾಗಿಲು ತೆಗೆದು ಕಣಿಯ ಮುಂದೆ ಕೂತಳು. ಮಹಾನಂದಾಳ ಹೆಸರು ತೆಗೆದಳು. ಮೊದಲ ದಿನ: ಮೂರು. ಈಗ ಹದಿನೈದು ಬರಬೇಕು. ಪರದೆ ಒಂದು ಕ್ಷಣ ಮಿನುಗಿ ಹತ್ತೊಂಬತ್ತು ಎಂದಿತು.

ಬೆರಳು ತಪ್ಪಿ ಬಿತ್ತೇನೋ ಎಂದು ಅಳಿಸಿ ಮತ್ತೆ ಒತ್ತಿದಳು. ಹತ್ತೊಂಬತ್ತು. ಹಾಗಾದರೆ ಇದನ್ನೇ ಏಮಾರಿಸೋಣ ಎಂದು ನಾಲ್ಕು ದಿನ ಹಿಂದಕ್ಕೆ, ಹೋದ ತಿಂಗಳ ಮೂವತ್ತು ಎಂದು ಹಾಕಿದಳು. ಹತ್ತೊಂಬತ್ತು. ಹತ್ತು ಎಂದು ಹಾಕಿದಳು, ಇನ್ನೂ ಬಾರದ ತಾರೀಖು. ಆಗಲೂ ಹತ್ತೊಂಬತ್ತು. ಅವಳು ಏನು ಬರೆದರೂ ಅದಕ್ಕೆ ಬೇಕಾಗಿರಲಿಲ್ಲ. ಎಷ್ಟು ವರ್ಷದಿಂದ ಬೇಕಾಗಿರಲಿಲ್ಲವೋ ದೇವರೇ ಬಲ್ಲ.

“ದಸ್ತಗೀರ, ಇಲ್ಲಿ ಬಾರಪ್ಪಾ.”

ದಸ್ತಗೀರ ಕೈ ಒರೆಸುತ್ತ ಬಂದು ನೋಡಿದ. ಅವಳು ಎಲ್ಲವನ್ನೂ ಹೇಳಿದಳು, ತನ್ನ ತಪ್ಪನ್ನೂ.

“ಅಕ್ಕಾರ, ನನಗೂ ಒಂದ ಸಂಶೇ ಇತ್ತರಿ,” ಎಂದ. “ಬೀಜಾ ತೊಳದು ಕೊಡಾಂವ ನಾನ. ನಾ ಕೊಡೂದರಾಗ ಕೊರತಿ ಇರತಿರಲಿಲ್ಲ. ಮತ್ತ ನಮ್ಮ ಹೆಣಮಕ್ಕಳ ಅಂಡಾ ತಗದಾಗ ಹನ್ನೆರಡ, ಹದಿನಾಕ, ಒಂದಕ್ಕಿಂತ ಒಂದ ಛಲೋ. ಇಷ್ಟ ಛಲೋ ಇದ್ದಾಕಿ ಅಯೋಗ್ಯ ಹ್ಯಾಂಗ ಆದ್ಲಂತ ಎಷ್ಟೋ ಸಲ ಅಂದ್ಕೊಂಡೇನಿ. ಕೇಳಾಕ ಹೋಗಲಿಲ್ಲ.” ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ಫಲಕದ ಕಡೆಗೆ ನೋಡಿದ. ವಿಭಾಗದ ಅತ್ಯುತ್ತಮ ಅಂಡ ಸಮರ್ಪಣಾ ಕೇಂದ್ರ ಎಂದು ಮಂಡಳಿ ಎರಡು ವರ್ಷ ಸತತವಾಗಿ ಕೊಟ್ಟದ್ದು.

“ಇದಕ್ಕ ದಿನಾ ಹ್ಯಾಂಗ ಗೊತ್ತಾಗತೈತಿ, ನಾ ಹೇಳಲಾರದ?”

“ಬಳಿ,” ಎಂದ ದಸ್ತಗೀರ. “ಅಂಡ ಬಿದ್ದ ಮ್ಯಾಲ ಮೈ ಒಂದ ಚೂರ ಬಿಸಿ ಏರತೈತಿ. ಅದಕ್ಕೂ ಮೊದಲ ಬೆವರಿನಾಗ ಬದಲಾಗತೈತಿ. ನಾಡಿ ನೋಡೂ ಬಳಿಗೆ ಇದು ತಿಳೀಲಾರದ ಇರತೈತೇನ್ರಿ?”

“ಹಂಗಾರ ಟೀಚರಿಗೆ ಮಾತ್ರ ಯಾಕ ಬರೋಬ್ಬರಿ ತಾರೀಖ ಕೊಟ್ಟಿತು?”

ದಸ್ತಗೀರ ಅವಳ ಮುಖ ನೋಡದೆ ಹೇಳಿದ. “ಅವರಿಗೆ ಮೂವತ್ತೆಂಟ ಅಕ್ಕಾರ. ಅವರ ಹೊಟ್ಯಾಗ ಇನ್ನ ಎಷ್ಟ ಅಂಡ ಇದ್ದಾವು? ತಗೊಂಡರ ಎರಡೋ ಮೂರೋ. ನಮ್ಮ ಮಹಾನಂದಾಗ ಇಪ್ಪತ್ನಾಕ.”

ಅವನು ಹೇಳಿದ್ದು ತಲೆಗೆ ಇಳಿಯಲು ಸುಮಿತ್ರಾಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವಳು ಪರ್ಸು ಎತ್ತಿಕೊಂಡು ಬಸ್ಸು ಹಿಡಿದಳು.

ವಿಭಾಗದ ನಿಯಂತ್ರಣ ಕೊಠಡಿಯಲ್ಲಿ ಚಪ್ಪಲಿ ಹೊರಗೆ ಬಿಡಬೇಕಾಗಿತ್ತು. ಒಳಗೆ ಚಳಿ ಹಿಡಿಯುವಷ್ಟು ತಂಪು. ಎದುರಿನ ಗೋಡೆಯ ತುಂಬ ರಾಜ್ಯದ ನಕ್ಷೆ, ಅದರ ಮೇಲೆ ನಿಂತ ಒಂದೊಂದು ಬಸಿರಿಗೆ ಒಂದೊಂದು ದೀಪ. ದೊಡ್ಡ ಊರುಗಳು ಝಗಝಗ ಎನ್ನುತ್ತಿದ್ದವು. ಹಣಿಗೇರಿ ಕತ್ತಲೆಯಲ್ಲಿತ್ತು. ಆದರೆ ಆ ಕತ್ತಲೆಯಿಂದ ಸಣ್ಣ ಬೆಳಕಿನ ಎಳೆಗಳು ನೂರಾರು ಹೊರಟು ದೊಡ್ಡ ಊರುಗಳನ್ನು ಹೋಗಿ ಸೇರುತ್ತಿದ್ದವು. ಅವು ಏನೆಂದು ಸುಮಿತ್ರಾ ಕೇಳಬೇಕಾಗಲಿಲ್ಲ.

ಉಸ್ತುವಾರಿ ಅಧಿಕಾರಿ ವೈಶಾಲಿ ಮೇಡಂ ಎದ್ದು ಬಂದು ಕುರ್ಚಿ ಕೊಟ್ಟರು. ಒಳ್ಳೆಯ ಹೆಂಗಸು, ಹಬ್ಬಕ್ಕೆ ಸಿಬ್ಬಂದಿಗೆಲ್ಲ ತಾವೇ ಫೋನು ಮಾಡಿ ಶುಭಾಶಯ ಹೇಳುವವರು.

“ಕೂತ್ಕೊಳ್ಳಿ ಸುಮಿತ್ರಾ. ನೀವು ಬರ್ತೀರಿ ಅಂತ ಅಂದುಕೊಂಡೆ. ಬೆಳಿಗ್ಗೆ ಒಂದೇ ಹೆಸರಿಗೆ ಮೂರು ಬೇರೆ ಬೇರೆ ದಿನ ಹಾಕಿದ್ರಿ. ಸುಫಲ ನನಗೆ ತೋರಿಸಿತು.”

“ತಪ್ಪ ನಂದರಿ ಮೇಡಂ,” ಎಂದು ಸುಮಿತ್ರಾ ಕೂರದೆಯೇ ಶುರುಮಾಡಿದಳು. “ನಮ್ಮೂರಾಗ ನೀರ ಹಾಕ್ಕೊಂಡ ದಿನದಿಂದ ಎಣಸತಾರ. ನಾನೂ ಹಂಗ ಬರಕೊಂಡ ಬಂದೀನಿ. ನಾನೂರ ಮಂದಿ ಹೆಣಮಕ್ಕಳದೂ ದಿನಾ ತಪ್ಪೇತಿ. ಅವರ್ಯಾರೂ ಅಯೋಗ್ಯ ಅಲ್ಲರಿ.”

“ಗೊತ್ತು.”

“ಏನಂದ್ರಿ?”

“ನನಗೆ ಎರಡು ವರ್ಷದಿಂದ ಗೊತ್ತು. ಸುಫಲಕ್ಕೆ ಅದಕ್ಕೂ ಮೊದಲು, ಬಳೆ ಬಂದ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ನಿಮ್ಮ ಊರಿನ ಹೆಂಗಸರು ಯಾವಾಗಲೂ ನಾಲ್ಕು ದಿನ ತಡವಾಗಿ ಬರ್ತಾರೆ ಅಂತ.”

“ಮತ್ತ ನನಗ ಯಾಕ ಹೇಳಲಿಲ್ಲರಿ? ಒಂದ ಮಾತ ಹೇಳಿದ್ರ ಸಾಕಿತ್ತಲ್ಲ!”

ವೈಶಾಲಿ ಮೇಡಂ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು. “ನಿಮ್ಮ ಊರಿನ ಹೆಂಗಸಿಗೆ ಸರಿಯಾದ ದಿನ ಕೊಟ್ರೆ ಒಂದು ಮಗು ಹುಟ್ಟತ್ತೆ, ಅದೂ ಹುಟ್ಟಿದರೆ. ಅದೇ ಹೆಂಗಸಿಗೆ ಮೂರು ಸಲ ತಪ್ಪಿದರೆ ಹದಿನಾಲ್ಕು ಅಂಡ ಬರತ್ತೆ. ಅದರಿಂದ ಐದು ಮಕ್ಕಳು. ಮೋಸ ಮಾಡು ಅಂತ ಯಾರೂ ಸುಫಲಕ್ಕೆ ಹೇಳಿಕೊಡಲಿಲ್ಲ ಸುಮಿತ್ರಾ. ರಾಜ್ಯದಲ್ಲಿ ಮಕ್ಕಳು ಹೆಚ್ಚಾಗಲಿ ಅಂತ ಮಾತ್ರ ಹೇಳಿದ್ವಿ. ಮೊದಲು ತಪ್ಪಿದ್ದು ನಿಮ್ಮ ಕೈ. ತಪ್ಪಿನಿಂದ ಏನು ಬಂತು ಅಂತ ಅದು ನೋಡ್ತು, ಆಮೇಲೆ ತಾನೇ ಮುಂದುವರಿಸಿತು.”

“ನಿಲ್ಲಸರಿ ಅದನ್ನ.”

“ನಿಲ್ಲಿಸಬೇಕು ಅಂದ್ರೆ ಇಷ್ಟು ವರ್ಷ ಮಕ್ಕಳು ಹುಟ್ಟಿದ್ದು ಹೇಗೆ ಅಂತ ಹೇಳಬೇಕಾಗತ್ತೆ.” ಅವರು ಮೇಜಿನ ಮೇಲೆ ಮಗುಚಿಟ್ಟಿದ್ದ ಚಿತ್ರವೊಂದನ್ನು ಎತ್ತಿ ನಿಲ್ಲಿಸಿದರು. ಎರಡು ಜುಟ್ಟಿನ ಪುಟ್ಟ ಹುಡುಗಿ, ಮುಂದಿನ ಹಲ್ಲು ಕಾಣುವಂತೆ ನಗುತ್ತಿದ್ದಳು. “ನನ್ನ ಮಗಳು. ಮೂರು ತುಂಬಿತು. ಅಂಡ ಯಾವ ಊರಿನದು ಅಂತ ನೋಡುವ ಅಧಿಕಾರ ನನಗಿದೆ. ನಾನು ನೋಡಿಲ್ಲ.”

ಸುಮಿತ್ರಾ ಆ ಚಿತ್ರವನ್ನೇ ನೋಡಿದಳು. ಹಣಿಗೇರಿಯ ಯಾವ ಓಣಿಯ ಮೂಗು, ಯಾರ ಮನೆಯ ಹಣೆ ಎಂದು ಹುಡುಕತೊಡಗಿದ್ದ ಕಣ್ಣನ್ನು ಕಷ್ಟಪಟ್ಟು ಕಿತ್ತುಕೊಂಡಳು.

“ನನ್ನ ಸೊಸೀದರ ತಾರೀಖ ಬದಲ ಮಾಡ್ರಿ,” ಎಂದಳು. ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ. ನಾನೂರು ಮಂದಿಯ ನ್ಯಾಯ ಕೇಳಲು ಬಂದವಳು ಒಬ್ಬಳಿಗೆ ಇಳಿದಿದ್ದಳು.

“ನನ್ನ ಕೈಯಲ್ಲಿಲ್ಲ. ದಿನ ಕೊಡೋದು ಅದು.” ವೈಶಾಲಿ ಮೇಡಂ ಅವಳ ಭುಜ ಮುಟ್ಟಿದರು. “ಊರಲ್ಲಿ ಹೇಳಬೇಕು ಅಂತ ನಿಮಗನ್ನಿಸಬಹುದು. ನಾನು ತಡೆಯಲ್ಲ. ಆದರೆ ಪ್ರತಿ ಹೆಸರಿನ ಮುಂದೆ ತಪ್ಪು ದಿನ ಬರೆದಿರೋದು ನೀವು. ಕಡತದಲ್ಲಿ ಕಾಣೋದು ಅದೊಂದೇ. ಆ ಮನೆಗಳವರು ಬಂದು ಕೇಳೋದು ಸುಫಲವನ್ನಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಸುಮಿತ್ರಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಎಲ್ಲರನ್ನೂ ಕೂಡಿಸಿ ಹೇಳಿಬಿಡುವುದೆಂದು ಒಂದು ಊರು ದಾಟುವಾಗ ಗಟ್ಟಿ ಮಾಡಿಕೊಳ್ಳುವಳು. ಮುಂದಿನ ಊರು ಬರುವಷ್ಟರಲ್ಲಿ ಶಿವಲೀಲಾ ತನ್ನ ಅಂಗಳದಲ್ಲಿ ಬಂದು ನಿಂತಂತೆ, ಅವಳ ಹಿಂದೆ ಓಣಿಯೆಲ್ಲ ನಿಂತಂತೆ ಕಂಡು ಆ ನಿರ್ಧಾರ ಸಡಿಲಾಗುವುದು. ಆ ಗುಂಪಿನ ಮುಂದೆ ಮಹಾನಂದಾ ಯಾವ ಕಡೆ ನಿಲ್ಲುತ್ತಾಳೆ ಎಂಬುದು ಅವಳಿಗೆ ತಿಳಿಯಲಿಲ್ಲ.

ಮರುದಿನ ಕೇಂದ್ರಕ್ಕೆ ಹೋಗಿ, ಯಾಕೆ ಎಂದು ತನಗೇ ಗೊತ್ತಿಲ್ಲದೆ, ಮಹಾನಂದಾಳ ಹೆಸರು ತೆಗೆದು ನೋಡಿದಳು. ಪರದೆಯ ಮೇಲೆ ಹದಿನೈದು ಎಂದಿತ್ತು.

ಯಾರೂ ಏನನ್ನೂ ಬರೆದಿರಲಿಲ್ಲ. ವೈಶಾಲಿ ಮೇಡಂ ತಮ್ಮ ಕೈಯಲ್ಲಿಲ್ಲ ಎಂದದ್ದು ನಿಜವಿರಬೇಕು. ತಾರೀಖು ತಾನಾಗಿ ಸರಿದು ಸರಿಯಾದ ಜಾಗದಲ್ಲಿ ಬಂದು ಕೂತಿತ್ತು. ಟೀಚರನ್ನು ಬಿಟ್ಟು ಆ ತಿಂಗಳು ಬರಬೇಕಾದ ಉಳಿದ ಒಂಬತ್ತು ಹೆಂಗಸರ ಹೆಸರನ್ನೂ ಸುಮಿತ್ರಾ ಒಂದೊಂದಾಗಿ ತೆಗೆದಳು. ಅವರದೆಲ್ಲ ಹಾಗೇ ಇತ್ತು, ನಾಲ್ಕು ದಿನ ತಡವಾಗಿ. ಅವಳು ಪರದೆ ಆರಿಸಿದಳು. ದಸ್ತಗೀರ ಬಾಗಿಲಲ್ಲಿ ನಿಂತು ಏನಾಯಿತೆಂದು ಕಣ್ಣಲ್ಲೇ ಕೇಳಿದ.

“ಹದಿನೈದಕ್ಕ ತಯಾರಿ ಮಾಡ್ಕೋ,” ಎಂದಳು ಸುಮಿತ್ರಾ.

“ಉಳದವರದು?”

ಅವಳು ಹೊರಗೆ ಕಾಯುತ್ತಿದ್ದವಳನ್ನು ಒಳಗೆ ಕರೆದಳು. ಅವನು ಎರಡನೆಯ ಸಲ ಕೇಳಲಿಲ್ಲ. ಅವನಿಗೂ ಇಬ್ಬರು ತಂಗಿಯರಿದ್ದರು, ಇಬ್ಬರಿಗೂ ಮದುವೆಯಾಗಿ ಇನ್ನೂ ಮಕ್ಕಳಾಗಿರಲಿಲ್ಲ.

ಹದಿನೈದನೆಯ ತಾರೀಖಿನ ಬೆಳಿಗ್ಗೆ ಹತ್ತು ನಿಮಿಷದ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಮಹಾನಂದಾ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿದ್ದಳು. ಅಲ್ಲಿಂದ ಹದಿನಾರು ದಿನಕ್ಕೆ, ಪರೀಕ್ಷೆ ಮಾಡುವ ಮೊದಲೇ, ಕಣಿಯ ಪರದೆಯ ಮೇಲೆ ಅವಳ ಹೆಸರಿನ ಮುಂದೆ ‘ಸಫಲ’ ಎಂದು ಬಂತು. ಬಳೆ ಹೇಳಿರಬೇಕು. ಶ್ರೀಶೈಲ ಮಗ್ಗ ನಿಲ್ಲಿಸಿ ಓಣಿಗೆಲ್ಲ ಪೇಢೆ ಹಂಚಿದ. ಮಹಾನಂದಾ ಅತ್ತೆಯ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸುಮಿತ್ರಾಳೂ ಅತ್ತಳು. ಆ ಅಳುವಿನಲ್ಲಿ ಸಂತೋಷ ಸುಳ್ಳಾಗಿರಲಿಲ್ಲ. ಅವಳ ಎದೆ ತುಂಬಿ ಬಂದದ್ದು ನಿಜವೇ. ಅದೇ ವಾರ ಒಂಬತ್ತು ಹೆಂಗಸರಿಗೆ ನಿಂತಿಲ್ಲವೆಂದು ಕೂರಿಸಿಕೊಂಡು ಹೇಳಿದಳು. ಅವರಲ್ಲಿ ನಾಲ್ವರದು ಮೂರನೆಯ ಸಲವಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಕೇಂದ್ರದ ಮುಂದೆ ಸಾಲು ಉದ್ದವಾಯಿತು. ಹಣಿಗೇರಿಯ ಮಂದಿ ಕೇಂದ್ರದ ಮೇಲೆ ನಂಬಿಕೆ ಕಳೆದುಕೊಳ್ಳುತ್ತ ಬಂದಿದ್ದರು. ಹೋದ ವರ್ಷ ಹೊಸದಾಗಿ ಹೆಸರು ಬರೆಸಿದವರು ನಲವತ್ತೂ ಇರಲಿಲ್ಲ. ಈಗ ಸುತ್ತಲಿನ ಹಳ್ಳಿಗಳಿಂದಲೂ ಟೆಂಪೋ ಮಾಡಿಕೊಂಡು ಬಂದರು. ಸುಮಿತ್ರಕ್ಕನ ಮನೆಯಲ್ಲೇ ಫಲ ಕೊಟ್ಟಿದೆಯಂತೆ, ಮೂರನೆಯ ಸಲಕ್ಕೆ ಕೊಟ್ಟೇ ಕೊಡುತ್ತದಂತೆ ಎಂದು ಮಾತು ಹಬ್ಬಿತ್ತು. ಹೆಚ್ಚಿನವರು ಹತ್ತೊಂಬತ್ತು, ಇಪ್ಪತ್ತರ ಹುಡುಗಿಯರು. ಸುಮಿತ್ರಾ ಅವರ ಹೆಸರು ಬರೆದುಕೊಂಡಳು, ಬಳೆ ತೊಡಿಸಿದಳು. ಅವರಿಗೆ ಹೊರಗಾದ ದಿನ ಯಾವುದೆಂದು ಸರಿಯಾಗಿಯೇ ಕೇಳುತ್ತಿದ್ದಳು ಈಗ. ಕೇಳಿ ಬರೆದರೂ ಕಣಿ ತನಗೆ ಬೇಕಾದ್ದನ್ನೇ ಹೇಳುತ್ತಿತ್ತು.

ಏಳನೆಯ ತಿಂಗಳಲ್ಲಿ ಮಹಾನಂದಾಳಿಗೆ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ತಲೆಗೆ ದಂಡೆ ಕಟ್ಟಿ, ಎರಡೂ ಕೈತುಂಬ ಗಾಜಿನ ಬಳೆ ಇಡಿಸಿ ಹೊರಸಿನ ಮೇಲೆ ಕೂರಿಸಿದರು. ಗಾಜಿನ ಬಳೆಗಳ ನಡುವೆ ಒಡೆಯದ ಆ ಒಂದು ಬಳೆಯೂ ಇತ್ತು. ಹೆರಿಗೆಯಾಗುವವರೆಗೆ ಅದನ್ನು ತೆಗೆಯುವಂತಿಲ್ಲ. ಹೆರಿಗೆಯೂ ಮಂಡಳಿಯ ದವಾಖಾನೆಯಲ್ಲೇ. ಯಾವ ದಿನ, ಯಾವ ಡಾಕ್ಟರು, ಕೊಯ್ಯಬೇಕೋ ಬೇಡವೋ ಎಂಬುದನ್ನೂ ಕಣಿಯೇ ಹೇಳುತ್ತದೆ.

ಉಡಿ ತುಂಬಲು ಮಕ್ಕಳೊಂದಿಗರಾದ ಐವರು ಮುತ್ತೈದೆಯರು ಬೇಕು. ಓಣಿಯಲ್ಲಿ ಹುಡುಕಿದರೆ ಮುದುಕಿಯರಷ್ಟೇ ಸಿಕ್ಕರು.

“ಶಿವಲೀಲಕ್ಕ ತುಂಬಲಿ,” ಎಂದಳು ಮಹಾನಂದಾ. ಮುದುಕಿಯರು ಮುಖ ಮುಖ ನೋಡಿಕೊಂಡರು. “ಆಕಿ ತುಂಬಿದ್ರನ ನಾ ಏಳೂದು. ನಾ ಸೋತಾಗ ನನ್ನ ಜೋಡಿ ಕುಂತಾಕಿ ಆಕಿ.”

ಶಿವಲೀಲಾ ಹೊಸ್ತಿಲಾಚೆ ನಿಂತಿದ್ದಳು. ಸುಮಿತ್ರಾಳೇ ಹೋಗಿ ಅವಳ ಕೈ ಹಿಡಿದು ಕರೆತಂದಳು. ಅವಳು ಅಕ್ಕಿ, ಎಲೆ ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು ಒಂದೊಂದಾಗಿ ಮಹಾನಂದಾಳ ಸೆರಗಿನಲ್ಲಿ ಹಾಕಿ, ಅರಿಶಿನ ಕುಂಕುಮ ಹಚ್ಚಿದಳು. ಅವಳ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ. ಬಹಳ ದಿನದ ಮೇಲೆ ನಗುತ್ತಿದ್ದಳು.

ಉಡಿ ತುಂಬಿ ಮುಗಿದ ಮೇಲೆ ಶಿವಲೀಲಾ ಸುಮಿತ್ರಾಳನ್ನು ಕಂಬದ ಮಗ್ಗುಲಿಗೆ ಕರೆದಳು.

“ಯಕ್ಕಾ, ಒಂದ ಮಾತ ಕೇಳಬೇಕಂತ ಭಾಳ ದಿನದಿಂದ ಮಾಡೇನಿ. ನನ್ನ ತಂಗಿ ಕಾಶಿಬಾಯಿ ಅದಾಳಲ್ಲ, ಇಪ್ಪತ್ತ ತುಂಬ್ಯಾವು. ಎರಡ ವರ್ಷಾತು, ಇನ್ನೂ ಏನಿಲ್ಲ. ಅತ್ತಿ ಮನ್ಯಾಗ ಶುರುವಾಗೇತಿ. ನನ್ನ ನೋಡಿ ಆಕಿ ಇಲ್ಲಿಗೆ ಬರಾಕ ಹೆದರತಿದ್ಲು. ಈಗ ಮಹಾನಂದಾನ್ನ ನೋಡಿ ಧೈರ್ಯ ಬಂದೇತಿ. ಬರಸ್ಲೇನು ಹೆಸರ? ನನ್ನ ನಸೀಬ ಖೊಟ್ಟಿ ಇತ್ತು, ನಿಮ್ಮದೇನ ತಪ್ಪ ಅದರಾಗ.”

ಆಗ ಸುಮಿತ್ರಾಳಿಗೆ ತಿಳಿಯಿತು. ಆ ಹದಿನೈದು ಎಂಬ ತಾರೀಖನ್ನು ಅವಳ ಅಳುವಿಗೆ ಕರಗಿ ಯಾರೂ ಕೊಟ್ಟಿರಲಿಲ್ಲ. ಮಂದಿ ಬರುವುದು ಕಡಿಮೆಯಾಗುತ್ತಿದ್ದ ಊರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂಥ ಒಂದು ಬಸಿರು ಬೇಕಾಗಿತ್ತು. ಅದು ಯಾವ ಮನೆಯಲ್ಲಿ ಇದ್ದರೆ ಹೆಚ್ಚು ಜನ ಬರುತ್ತಾರೆ ಎಂದು ಕಣಿ ನೋಡಿತ್ತು. ಹೊರಸಿನ ಮೇಲೆ ಕೂತ ಮಹಾನಂದಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಯಾರದೋ ತಮಾಷೆಗೆ ನಗುತ್ತಿದ್ದಳು.

ಬ್ಯಾಡ, ಕರೀಬ್ಯಾಡ ಆಕೀನ್ನ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಎಂದು ಶಿವಲೀಲಾ ಕೇಳುತ್ತಾಳೆ. ಅದಕ್ಕೆ ಉತ್ತರ ಹೇಳಿದರೆ ಈ ಅಂಗಳದಲ್ಲೇ, ಈ ಹೊತ್ತಿನಲ್ಲೇ ಎಲ್ಲ ಒಡೆಯುತ್ತದೆ. ಹೆರಿಗೆಗೆ ಇನ್ನೂ ಎರಡು ತಿಂಗಳು ಇತ್ತು.

“ಅತ್ತಿ, ಹೂಂ ಅನ್ರಿ,” ಎಂದು ಮಹಾನಂದಾ ಅಲ್ಲಿಂದಲೇ ಕೂಗಿದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. “ನನಗ ಮಾಡಿದಂಗ ಆಕೀಗೂ ನೀವ ಕೈ ಹಿಡದು ಮಾಡಸ್ರಿ.”

“ಸೋಮವಾರ ಕರ್ಕೊಂಡ ಬಾ,” ಎಂದಳು ಸುಮಿತ್ರಾ.

ಶಿವಲೀಲಾಳ ಕಣ್ಣಲ್ಲಿ ನೀರು ಬಂತು. ಅವಳು ಬಗ್ಗಿ ಎರಡೂ ಕೈಯಿಂದ ಸುಮಿತ್ರಾಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸುಮಿತ್ರಾ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.